ಬಿದ್ದದ್ದಲ್ಲ, ಕೂತದ್ದು

ಈ ಮಳೆಗಾಲ ನಾನು ಬರೆದಿಡಬೇಕೆಂದು ಹೊರಟದ್ದು ಒಂದು ಕೊಳಬಕದ ವಿಷಯ. ತೀರ್ಥಹಳ್ಳಿಯಿಂದ ಆಗುಂಬೆಯ ದಿಕ್ಕಿಗೆ ಹೋಗುವಾಗ ಒಳದಾರಿಯಲ್ಲಿ ಸಿಗುವ ಅಕ್ಕನ ಮನೆಯ ತೋಟದಲ್ಲಿ, ಬಸಿಗಾಲುವೆಯ ಬದಿಗೆ, ಆ ಹಕ್ಕಿ ನಾಲ್ಕು ವರ್ಷದಿಂದ ನಿಲ್ಲುತ್ತಿದೆ. ಅದೇ ಹಕ್ಕಿಯೋ ಅದರ ಮಗನೋ, ಹೇಳುವವರಾರು. ಬೇಸಿಗೆಯಲ್ಲಿ ತರಗೆಲೆಯ ಬಣ್ಣ. ಕಾಲ ಬುಡದಲ್ಲಿದ್ದರೂ ಕಾಣದು. ಮೃಗಶಿರಾ ಮಳೆ ಹಿಡಿಯುವಷ್ಟರಲ್ಲಿ ಬೆನ್ನಿಗೆ ಕೆಂಗಂದು ಶಾಲು ಹೊದ್ದು ಮದುವೆಗೆ ಹೊರಟವನಂತಾಗುತ್ತದೆ. ನನಗೆ ಬೇಕಿದ್ದದ್ದು ಬಣ್ಣವಲ್ಲ, ನಡಿಗೆ. ಒಂದು ಕಾಲನ್ನು ಕೆಸರಿಗೆ ಇಳಿಸುತ್ತದೆ, ಉದ್ದ ಬೆರಳುಗಳನ್ನು ಹರಡುತ್ತದೆ, ನೆಲ ಹಿಡಿದದ್ದು ಖಾತ್ರಿಯಾದ ಮೇಲೆ ಮಾತ್ರ ಮೈಭಾರವನ್ನು ಅದಕ್ಕೆ ದಾಟಿಸುತ್ತದೆ. ಒಂದು ಹೆಜ್ಜೆಗೆ ಕೆಲವು ಸಲ ಒಂದು ನಿಮಿಷ. ನೋಡುವವನಿಗೆ ಕಾಲು ಜೋಮು ಹಿಡಿಯುತ್ತದೆ, ಅದಕ್ಕಲ್ಲ.

ಜೂನ್ 12. ಮೃಗಶಿರಾ, ಎರಡನೇ ಪಾದ ಇರಬೇಕು. ಬೆಳಗ್ಗೆ 5.50. ಜಗಲಿಯಲ್ಲಿ ಕೂತು ದುರ್ಬೀನಿನ ಗಾಜು ಒರೆಸುತ್ತಿದ್ದೆ. ಬಚ್ಚಲಿನ ಕಡೆಯಿಂದ ಚೊಂಬು ಉರುಳಿದ ಸದ್ದು. ಅದರ ಹಿಂದೆಯೇ ಇನ್ನೊಂದು ಸದ್ದು, ಅಕ್ಕಿ ಚೀಲ ನೆಲಕ್ಕಿಟ್ಟಂತೆ. ಓಡಿ ಹೋದರೆ ಅಕ್ಕ ಬಚ್ಚಲ ಹೊಸ್ತಿಲ ಪಕ್ಕ ನೆಲದ ಮೇಲಿದ್ದಾಳೆ. ಬಲಗಾಲು ಮಡಚಿದೆ, ಎಡಗೈ ಎದೆಗೆ ಒತ್ತಿಕೊಂಡಿದೆ.

"ಬಿದ್ಯೇನೆ?"

"ಬಿದ್ದದ್ದಲ್ಲ ಮಾರಾಯ, ಕೂತೆ ಅಷ್ಟೆ. ನೀ ಕೂಗಬೇಡ, ಅತ್ತೆ ಎದ್ದಾರು."

ಎಬ್ಬಿಸಿ ಕೂರಿಸಿದೆ. ಅವಳು ಚೊಂಬಿನ ನೆಗ್ಗು ನೋಡಿ ಬೇಜಾರು ಮಾಡಿಕೊಂಡಳೇ ಹೊರತು ಸೊಂಟ ಮುಟ್ಟಿ ನೋಡಿಕೊಳ್ಳಲಿಲ್ಲ. ನಾನು ಜಗಲಿಗೆ ಮರಳಿ, ಟಿಪ್ಪಣಿ ಪುಸ್ತಕದಲ್ಲಿ ಬಕದ ಪುಟದಲ್ಲೇ ಕೆಳಗೆ ಒಂದು ಗೆರೆ ಎಳೆದು, ಹೊತ್ತು ಮತ್ತು ಜಾಗ ಬರೆದೆ. ಯಾಕೆ ಬರೆದೆನೋ ಆಗ ಗೊತ್ತಿರಲಿಲ್ಲ. ಕೈಗೆ ಅಂಟಿದ ಚಾಳಿ.

ಅಕ್ಕನಿಗೆ ಈಗ ಐವತ್ತೆರಡು. ಸಂಧಿವಾತ ಹಿಡಿದು ಹದಿನಾಲ್ಕು ವರ್ಷ. ವಯಸ್ಸಾದವರ ಮಂಡಿ ಸವೆಯುತ್ತದಲ್ಲ, ಅದಲ್ಲ ಇದು, ರುಮಟಾಯ್ಡ್ ಆರ್ಥ್ರೈಟಿಸ್. ಮೈಯನ್ನು ಕಾಯಬೇಕಾದ ಪಡೆ ಮನೆಯವರನ್ನೇ ಕಳ್ಳರೆಂದು ತಿಳಿದು ಗಂಟುಗಳ ಒಳಪೊರೆಯ ಮೇಲೆ ಬೀಳುವ ಕಾಯಿಲೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಕೈಬೆರಳು, ಮಣಿಕಟ್ಟು, ಕಾಲ್ಬೆರಳ ಬುಡ, ಹೀಗೆ ಸಣ್ಣ ಗಂಟುಗಳಲ್ಲಿ ಶುರುವಾಗಿ, ಸಾಮಾನ್ಯವಾಗಿ ಎರಡೂ ಬದಿಯಲ್ಲಿ ಜೋಡಿಯಾಗಿ ಬರುತ್ತದೆ. ಊರಿನಲ್ಲಿ ಇದಕ್ಕೆ "ವಾತ" ಎಂಬ ಒಂದೇ ಹೆಸರು, ಸೊಂಟ ಉಳುಕಿದ್ದಕ್ಕೂ ಅದೇ. ಅದರಿಂದಾಗಿ ಮೂವತ್ತೆಂಟಕ್ಕೇ ಗಂಟು ಹಿಡಿಯಿತು ಎಂದು ಅಕ್ಕ ಅಂದಾಗ ಒಂದೂವರೆ ವರ್ಷ ಯಾರೂ ನಂಬಲಿಲ್ಲ. ಆ ಒಂದೂವರೆ ವರ್ಷದಲ್ಲಿ ಆದದ್ದು ಈಗ ಅವಳ ಪಾದದಲ್ಲಿ ಬರೆದಿದೆ.

ಆ "ಕೂತೆ" ಎನ್ನುವ ಮಾತು ನನ್ನನ್ನು ಬಿಡಲಿಲ್ಲ. ಮಲೆನಾಡಿನ ಹೆಂಗಸರು ಬೀಳುವುದಿಲ್ಲ ಎಂಬುದು ಆಮೇಲೆ ಗಮನಿಸಿ ನೋಡಿದಾಗ ತಿಳಿಯಿತು. ಅವರು ಕೂರುತ್ತಾರೆ, ಜಾರುತ್ತಾರೆ, "ಕಾಲು ತಪ್ಪುತ್ತದೆ", "ಹಾಗೇ ಒರಗಿದೆ" ಅನ್ನುತ್ತಾರೆ. ಬಿದ್ದವರು ಎಂದರೆ ಸೊಂಟ ಮುರಿದು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋದವರು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಬೇರೆ: ತನ್ನ ಇಚ್ಛೆಯಿಲ್ಲದೆ ನೆಲಕ್ಕೋ ಇನ್ನಾವುದೋ ತಗ್ಗಿನ ಜಾಗಕ್ಕೋ ಬಂದುಬಿಟ್ಟರೆ ಅದು ಬೀಳುವುದೇ. ಏಟಾಗಿರಬೇಕೆಂದೇನಿಲ್ಲ. ಆ ಲೆಕ್ಕದಲ್ಲಿ ಕೂತದ್ದೂ ಬಿದ್ದದ್ದೇ. ಹಕ್ಕಿ ಎಣಿಸುವವನಿಗೆ ಈ ತಕರಾರು ಹೊಸದಲ್ಲ. ಎಣಿಕೆಗೆ ಮೊದಲು ಏನನ್ನು ಎಣಿಸುತ್ತೇವೆ ಎಂಬುದು ನಿಶ್ಚಯವಾಗಬೇಕು. ಇಲ್ಲದಿದ್ದರೆ ಎದುರಿಗಿರುವುದೂ ಲೆಕ್ಕಕ್ಕೆ ಸಿಗುವುದಿಲ್ಲ. ಅಕ್ಕನಿಗೆ ಹೇಳಿದೆ, ಇನ್ನು ಮೇಲೆ ಕೂತದ್ದನ್ನೂ ಬರೆಯುತ್ತೇನೆ, ಕೂರಲಿದ್ದು ಗೋಡೆ ಹಿಡಿದು ಉಳಿದದ್ದನ್ನೂ ಬರೆಯುತ್ತೇನೆ. "ಬರಕೋ, ನಿನಗೆಂತ ಬೇರೆ ಕೆಲಸ ಉಂಟು" ಅಂದಳು. ಒಪ್ಪಿಗೆ ಎಂದು ತಿಳಿದುಕೊಂಡೆ.

ಜೂನ್ 15ರಿಂದ 20. ಸುಮ್ಮನೆ ನೋಡಿದ ದಿನಗಳು. ಈ ಮನೆಯಲ್ಲಿ ಮಡಿವಾಳ ಹಕ್ಕಿ ಸಿಳ್ಳೆ ಶುರು ಮಾಡುವುದು ಐದೂಕಾಲಿಗೆ, ಮಳೆ ಹೊಯ್ಯುತ್ತಿದ್ದರೆ ತುಸು ತಡ. ಅಕ್ಕ ಕಣ್ಣು ಬಿಡುವುದೂ ಆಗಲೇ. ಆದರೆ ಗಂಟುಗಳು ಏಳುವುದು ಏಳೂವರೆಗೆ. ನಡುವಿನ ಎರಡು ಗಂಟೆಗಳಿಗೂ ಸ್ವಲ್ಪ ಹೆಚ್ಚಿನ ಹೊತ್ತಿನಲ್ಲಿ ಅವಳ ಮೈ ಅವಳದ್ದಲ್ಲ. ರಾತ್ರಿಯ ಕೊನೆಯ ಜಾವದಲ್ಲಿ ಈ ಕಾಯಿಲೆಯವರ ರಕ್ತದಲ್ಲಿ ಉರಿಯೂತದ ರಾಸಾಯನಿಕಗಳು ಏರುತ್ತವೆ. ಅದನ್ನು ತಗ್ಗಿಸಬೇಕಾದ ಮೈಯದೇ ಕಾರ್ಟಿಸೋಲ್ ಸಾಲುವಷ್ಟು ಏರುವುದಿಲ್ಲ. ಗಂಟು ಬಿಗಿದ ಕೂಡಲೇ ಸುಮ್ಮನೆ ಮಲಗಿರಲು ಆಗುವುದಾದರೆ ಸರಿ. ಆಗುವುದಿಲ್ಲವಲ್ಲ. ಇಡೀ ರಾತ್ರಿ ತಡೆದುಕೊಂಡಿದ್ದು ಅದೇ ಹೊತ್ತಿಗೆ ಬಚ್ಚಲಿಗೆ ಅಟ್ಟುತ್ತದೆ. ದಿನದಲ್ಲೆಲ್ಲ ಗಡಿಬಿಡಿಯ ನಡಿಗೆ ಎಂದರೆ ಅದೊಂದೇ, ಅದೂ ಗಂಟು ಅತಿ ಕೆಟ್ಟಿರುವ ಹೊತ್ತಿನಲ್ಲಿ, ಮನೆಯ ಅತಿ ಒದ್ದೆಯ ಜಾಗಕ್ಕೆ, ಮಬ್ಬು ಬೆಳಕಿನಲ್ಲಿ. ಕಾಡಿನಲ್ಲಿ ಹೊಂಚು ಹಾಕುವ ಪ್ರಾಣಿ ಕೂಡ ಇಷ್ಟು ಒಳ್ಳೆಯ ಜಾಗ, ಇಷ್ಟು ಒಳ್ಳೆಯ ಹೊತ್ತು ಆರಿಸಿಕೊಳ್ಳಲಾರದು.

ಬೀಳುವುದನ್ನು ನಾವು ಆಕಸ್ಮಿಕ ಅನ್ನುತ್ತೇವೆ, ಗ್ರಹಚಾರ ಅನ್ನುತ್ತೇವೆ. ನನ್ನ ಪುಸ್ತಕದ ಪ್ರಕಾರ ಅದು ಆಕಸ್ಮಿಕ ಅಲ್ಲ. ಉಡದ ಹಾಗೆ ಅದಕ್ಕೊಂದು ಇರುನೆಲೆ ಇದೆ, ಓಡಾಡುವ ಹೊತ್ತಿದೆ, ಹಾದು ಹೋಗುವ ದಾರಿಯಿದೆ.

ಜೂನ್ 23. ಆರಿದ್ರಾ ಹಿಡಿದಿದೆ, ಮಳೆ ಬಿಟ್ಟೂಬಿಡದೆ. ಅಕ್ಕ ಸ್ನಾನ ಮುಗಿಸಿ ನಡುಮನೆ ದಾಟಿ ಹೋದಳು. ಈ ಮನೆಯದು ಹಳೆಯ ಕಾವಿ ನೆಲ, ಎಪ್ಪತ್ತು ವರ್ಷ ಉಜ್ಜಿ ಕನ್ನಡಿಯಾಗಿದೆ. ಅದರ ಮೇಲೆ ಒದ್ದೆ ಹೆಜ್ಜೆಗಳು ಒಂದರ ಹಿಂದೊಂದು ಉಳಿದಿದ್ದವು. ಕೂತು ನೋಡಿದೆ, ಒಣಗುವಷ್ಟರಲ್ಲಿ ಬಿಡಿಸಿಕೊಂಡೆ. ಹಿಮ್ಮಡಿ ಪೂರ್ತಿ ಮೂಡಿದೆ. ಪಾದದ ಒಳಬದಿಯ ಕಮಾನು ಇರಬೇಕಾದ ಜಾಗದಲ್ಲಿ ಕಮಾನಿಲ್ಲ, ಅಲ್ಲೂ ಒದ್ದೆ. ಮುಂದೆ, ಬೆರಳುಗಳ ಬುಡದಲ್ಲಿ ಎರಡು ದಟ್ಟ ಚುಕ್ಕೆ. ಬೆರಳುಗಳದೇ ಗುರುತಿಲ್ಲ! ಹೆಬ್ಬೆರಳು ಹೊರಗಡೆಗೆ ವಾಲಿ ಮಿಕ್ಕವುಗಳ ಮೇಲೆ ಒರಗಿದ್ದರಿಂದ ಅಂಚಿನಲ್ಲೊಂದು ಗೀಟು, ಅಷ್ಟೆ. ಉಳಿದ ನಾಲ್ಕು ಬೆರಳು ಕೊಕ್ಕೆಯಾಗಿ ಮೇಲೆದ್ದಿವೆ, ನೆಲ ಮುಟ್ಟುವುದೇ ಇಲ್ಲ. ಎಡಪಾದದ ಹಿಂದೆ ಬಾಲದಂತೆ ನೀರಿನ ಎಳೆ, ಕಾಲು ಎತ್ತದೆ ಎಳೆದದ್ದು. ಪಕ್ಕದಲ್ಲಿ ನನ್ನ ಕಾಲು ಒದ್ದೆ ಮಾಡಿ ಊರಿ ನೋಡಿದೆ. ಐದೂ ಬೆರಳು ಗುಂಡಗೆ ಮೂಡಿದವು, ಕಡಲೆಕಾಳು ಸಾಲಾಗಿ ಇಟ್ಟಂತೆ.

ನಿಂತಾಗ ಮೈ ಮುಂದಕ್ಕೆ ವಾಲಿದರೆ ತಡೆಯುವವು ಆ ಬೆರಳುಗಳು. ಹೆಜ್ಜೆಯ ಕೊನೆಗೆ ನೆಲವನ್ನು ಹಿಂದಕ್ಕೆ ಒದೆಯುವುದೂ ಅವೇ. ಕೊಳಬಕ ಬೆರಳ ಮೇಲೇ ನಡೆಯುವ ಪ್ರಾಣಿ. ಅದರ ಕಾಲು ಹಿಂದಕ್ಕೆ ಮಡಚಿದಂತೆ ಕಾಣುವಲ್ಲಿ ಇರುವುದು ಮಂಡಿಯಲ್ಲ, ನಮ್ಮ ಹಿಮ್ಮಡಿಗೆ ಸಮನಾದ ಗಂಟು; ಮಂಡಿ ಮೇಲೆ ಗರಿಯೊಳಗೆ ಅಡಗಿದೆ. ಅಕ್ಕ ಅದರ ತಿರುವುಮುರುವು. ಬೆರಳ ಬುಡದ ಗಂಟುಗಳು ಬಾತು, ಸರಿದು, ಅಂಗಾಲಿನ ಮೆತ್ತೆ ಮುಂದಕ್ಕೆ ಜಾರಿ, ಮೂಳೆಯ ಮೇಲೇ ನಡೆದಂತಾಗಿದೆ. "ಚಪ್ಪಲಿಯೊಳಗೆ ಜಲ್ಲಿಕಲ್ಲು ಇಟ್ಟುಕೊಂಡ ಹಾಗೆ" ಅನ್ನುತ್ತಾಳೆ. ಹಾಗಾಗಿ ಭಾರವನ್ನೆಲ್ಲ ಹಿಮ್ಮಡಿಗೆ ತಳ್ಳಿ, ಹೆಜ್ಜೆ ಗಿಡ್ಡ ಮಾಡಿ, ಪಾದವನ್ನು ಹಲಗೆಯಂತೆ ಇಡುತ್ತಾಳೆ. ಹಲಗೆಗೆ ಹಿಡಿತವಿಲ್ಲ.

ಇಲ್ಲೊಂದು ಎಚ್ಚರಿಕೆಯನ್ನು ನನಗೆ ನಾನೇ ಬರೆದುಕೊಂಡಿದ್ದೇನೆ. ಹೆಜ್ಜೆ ಗುರುತನ್ನು ಅತಿಯಾಗಿ ನಂಬಿ ಈ ದೇಶ ಒಮ್ಮೆ ಕೆಟ್ಟಿದೆ. ಹುಲಿಯ ಹೆಜ್ಜೆ ಎಣಿಸಿ ಹುಲಿ ಎಣಿಸಿದೆವು ಎಂದುಕೊಂಡು, ಸರಿಸ್ಕಾ ಹುಲಿಧಾಮದಲ್ಲಿ ಒಂದೂ ಉಳಿದಿಲ್ಲ ಎಂದು 2005ರಲ್ಲಿ ಗೊತ್ತಾದ ಮೇಲೆ ಕ್ಯಾಮೆರಾಗಳತ್ತ ತಿರುಗಿದ್ದು. ಕಾವಿ ನೆಲದ ಒಂದು ಬೆಳಗಿನ ಗುರುತಿನಿಂದ ಅಕ್ಕನ ಕಾಲನ್ನು ಪೂರ್ತಿ ಓದಿದೆ ಎಂದುಕೊಳ್ಳಬಾರದು. ಅದಕ್ಕೇ ಹನ್ನೊಂದು ಬೆಳಗು ಬಿಡಿಸಿದೆ. ಎಡಗಾಲಿನ ಬಾಲ ಒಂಬತ್ತು ಸಲ ಇತ್ತು. ಇಲ್ಲದ ಎರಡು ದಿನ ಅವಳು ತಡವಾಗಿ, ಎಂಟು ಗಂಟೆಯ ಮೇಲೆ ಸ್ನಾನ ಮಾಡಿದ್ದಳು.

ಚಪ್ಪಲಿಯ ವಿಷಯವೂ ಇದರಲ್ಲೇ ಇದೆ. ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲುವುದು ಹೆಬ್ಬೆರಳು ಮತ್ತು ಎರಡನೇ ಬೆರಳು ಅದನ್ನು ಚಿವುಟಿ ಹಿಡಿದಿರುವುದರಿಂದ. ಹಿಡಿಯುವ ಬೆರಳೇ ಸೋತವರಿಗೆ ಅದು ಕಾಲಿಗೆ ಕಟ್ಟಿದ ಹಾಳೆಯ ಚೂರು. ಅಕ್ಕನ ಮೂರು ಜೊತೆಯೂ ಅದೇ. ಹಿಂದೆ ಪಟ್ಟಿಯಿರುವ, ಮುಂದೆ ಅಗಲವಾದ, ಅಂಟಿಸುವ ಪಟ್ಟಿಯ ಸ್ಯಾಂಡಲ್ ತಂದುಕೊಟ್ಟೆ. ಬಕಲ್ ಹಾಕಲು ಅವಳ ಕೈಬೆರಳಿಗೆ ಆಗದು. ಎರಡು ದಿನ ಹಾಕಿದಳು. ಮೂರನೇ ದಿನ ಒಳಗೆ ಚಪ್ಪಲಿ ಮೆಟ್ಟಿ ಓಡಾಡುವುದೇ ಎಂದು ಅತ್ತೆ ಗೊಣಗಿದರು. ಮನೆಯೊಳಗಿನದು ಬೇರೆ, ಹೊರಗಿನದು ಬೇರೆ, ದೇವರ ಕೋಣೆಗೆ ಎರಡೂ ಇಲ್ಲ ಎಂದು ರಾಜಿಯಾಯಿತು.

ಜುಲೈ. ಪುನರ್ವಸು. ಅಂಗಳ ಹಸಿರಾಗಿದೆ. ಮಲೆನಾಡಿನಲ್ಲಿ ಪಾಚಿ ಎಂದು ನಾವು ಒಂದೇ ಹೆಸರಲ್ಲಿ ಕರೆಯುವುದರಲ್ಲಿ ಎರಡು ಮೂರು ಬೇರೆ ಬೇರೆ ಜೀವಗಳಿವೆ. ಜಂಬಿಟ್ಟಿಗೆಯ ಮೆಟ್ಟಿಲ ಬದಿಯಲ್ಲಿ ಮಖಮಲ್ಲಿನಂತೆ ನಿಂತಿರುವುದು ಹಾವಸೆಯ ಗಿಡ, ಎಲೆ ಕಾಂಡ ಇರುವಂಥದ್ದು. ಅದು ಅಷ್ಟೇನೂ ಜಾರುವುದಿಲ್ಲ, ಒತ್ತಿದರೆ ನೀರು ಬಿಟ್ಟು ಕಾಲನ್ನು ಒಳಗೆ ತೆಗೆದುಕೊಳ್ಳುತ್ತದೆ. ಕಾಲು ಕೀಳುವುದು ಇನ್ನೊಂದು. ಬರಿಗಣ್ಣಿಗೆ ಗಿಡದಂತೆ ಕಾಣದ, ಬರೀ ಕಪ್ಪು ಹಸಿರಿನ ಹೊಳಪಾಗಿ ಕಲ್ಲಿಗೆ ಹಚ್ಚಿಕೊಂಡ ಲೋಳೆ. ಅದರ ಸುತ್ತ ಅಂಟಿನ ಪೊರೆ. ನೀರು ಹೀರಿ ಉಬ್ಬಿದರೆ ಎಣ್ಣೆ ಸವರಿದ ಬಾಣಲೆ. ಎರಡು ದಿನ ಹೊಳವಾಗಿ ಒಣಗಿದರೆ ಕಾಣುವುದೂ ಇಲ್ಲ, ಸತ್ತಂತಿದ್ದು ಒಂದು ಹನಿಗೆ ಎದ್ದು ಕೂರುತ್ತದೆ. ದಡಾದಡಿ ಮಳೆ ಬರುತ್ತಿರುವಾಗ ಯಾರೂ ಜಾರುವುದಿಲ್ಲ, ಎಲ್ಲರೂ ಎಚ್ಚರದಲ್ಲಿರುತ್ತಾರೆ. ನನ್ನ ಪುಸ್ತಕದಲ್ಲಿರುವ ಅಂಗಳದ ಆರು ಎಡವಟ್ಟುಗಳಲ್ಲಿ ಐದು, ಹೊಳವಾದ ಮಾರನೇ ದಿನ ಬಂದ ಸಣ್ಣ ತುಂತುರಿನಲ್ಲಿ ಆದವು.

ಭಾವ ಹಿಂದಿನಿಂದ ಬಂದ ಉಪಾಯವನ್ನೇ ಮಾಡಿದರು. ಬಾವಿಕಟ್ಟೆಯವರೆಗೆ ಅಡಿಕೆ ದಬ್ಬೆ ಹಾಸಿದರು. ನಮಗೆಲ್ಲ ಅದು ಸಾಕು. ಅಕ್ಕನಿಗೆ ದಬ್ಬೆಯ ಉಬ್ಬು ಜಾರುವುದಕ್ಕಿಂತ ಕೆಟ್ಟದ್ದು. ಪಾದ ಆ ಕಡೆ ಈ ಕಡೆ ವಾಲದಂತೆ ಹಿಡಿಯಬೇಕಾದ ಗಂಟೇ ಬಾತಿದೆ. ಕೊನೆಗೆ ದಬ್ಬೆ ತೆಗೆದು, ಕಲ್ಲನ್ನು ತಂತಿಬ್ರಷ್ಷಿನಿಂದ ಕೆರೆದು, ಒರಟು ಸಿಮೆಂಟು ಎಳೆದು, ಕಸಬರಿಕೆಯಿಂದ ಗೀಟು ಹಾಕಿದ್ದಾಯಿತು. ಅದನ್ನು ಮಾಡಿದ ಆಳಿಗೆ ಇಡೀ ಅಂಗಳದಲ್ಲಿ ಎರಡಡಿ ಅಗಲಕ್ಕೆ ಮಾತ್ರ ಯಾಕೆ ಎಂದು ಅರ್ಥವಾಗಲಿಲ್ಲ. ಆನೆದಾರಿಯಂತೆ ಎಂದೆ. ಇನ್ನೂ ಅರ್ಥವಾಗಲಿಲ್ಲ.

ಇನ್ನು ಕೈ. ಕಾಲು ತಪ್ಪಿದಾಗ ನಾವು ಎರಡು ಕೆಲಸ ಮಾಡುತ್ತೇವೆ: ಸಿಕ್ಕಿದ್ದನ್ನು ಹಿಡಿಯುತ್ತೇವೆ, ಸಿಗದಿದ್ದರೆ ಅಂಗೈ ಊರುತ್ತೇವೆ. ಅಕ್ಕ ಎರಡನ್ನೂ ಮಾಡುವುದಿಲ್ಲ. ಮೊದಲ ದಿನ ಅವಳ ಎಡಗೈ ಎದೆಗೆ ಒತ್ತಿಕೊಂಡಿತ್ತು ಎಂದು ಬರೆದೆನಲ್ಲ, ಅದು ಏಟಾಗಿ ಅಲ್ಲ. ಬೀಳುವ ಗಳಿಗೆಯಲ್ಲೂ ಅವಳು ಮಣಿಕಟ್ಟನ್ನು ಕಾಪಾಡಿಕೊಂಡಿದ್ದಳು, ಸೊಂಟವನ್ನು ಕೊಟ್ಟು. ಹದಿನಾಲ್ಕು ವರ್ಷದ ನೋವು ಮೈಗೆ ಕಲಿಸಿದ ಪಾಠ. ಬಚ್ಚಲಿಗೆ ಹಿಡಿಕೆ ಹಾಕಿಸೋಣ ಎಂದಾಗ ಪ್ಲಂಬರ್ ತಂದದ್ದು ಹೊಳೆಯುವ ಸಪೂರ ಸ್ಟೀಲ್ ಸರಳು. ಮುಷ್ಟಿ ಮುಚ್ಚಲಾಗದ ಕೈಗೆ ಅದು ಇದ್ದರೂ ಇಲ್ಲದಂತೆ. ಹಳೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿದೆ. ಅದಕ್ಕಿಂತ ಒಳ್ಳೆಯದು ಅಕ್ಕನೇ ಹೇಳಿದಳು: "ಹಿಡಿಯುವುದು ಬೇಡ, ಮೊಳಕೈ ಒರಗಿಸಲಿಕ್ಕೆ ಎಂತಾದ್ರೂ ಮಾಡು." ಮೊಳಕೈ ಎತ್ತರಕ್ಕೆ ಒಂದು ಗೇಣು ಅಗಲದ ಹಲಸಿನ ಹಲಗೆ ಗೋಡೆಗೆ ಬಂತು. ಈಗ ಅವಳು ಬಚ್ಚಲಿಗೆ ಇಳಿಯುವುದು ಬ್ಯಾಂಕಿನ ಕೌಂಟರಿನಲ್ಲಿ ಒರಗಿ ನಿಂತವರ ಹಾಗೆ.

ಜುಲೈ 21. ಪುಷ್ಯ. ರಾತ್ರಿ ಎರಡೂವರೆ. ಕರೆಂಟಿಲ್ಲ, ಈ ಕಡೆ ಮಳೆಗಾಲದಲ್ಲಿ ಕರೆಂಟು ಇರುವುದೇ ಸುದ್ದಿ. ಎರಡನೇ ಸಲ ಬಿದ್ದಳು, ಮಂಚದಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಒಣ ನೆಲ, ಎಡವಲು ಏನೂ ಇಲ್ಲ. ಈ ಸಲ ಕಣಕಾಲಿನ ಚರ್ಮ ಕಿತ್ತು ಬಂತು, ಹಣ್ಣಾದ ಬಾಳೆಯ ಸಿಪ್ಪೆಯ ಹಾಗೆ. ಬೆಳಗಾದ ಮೇಲೆ ಮಾತ್ರೆಯ ಡಬ್ಬಿ ತೆಗೆದು ಜಗಲಿಯ ಮೇಲೆ ಸಾಲಾಗಿ ಇಟ್ಟೆವು. ವಾರಕ್ಕೊಂದೇ ದಿನ ತೆಗೆದುಕೊಳ್ಳುವ ಮೆಥೋಟ್ರೆಕ್ಸೇಟ್, ಅದರ ಜೊತೆಯ ಫೋಲಿಕ್ ಆ್ಯಸಿಡ್, ಬಿ.ಪಿ.ಯದು, ನೋವಿನದು, ಹೆಸರು ಅಳಿಸಿಹೋದ ನಿದ್ದೆ ಮಾತ್ರೆ, ಮತ್ತೆ ಸಣ್ಣದೊಂದು ಬಿಳಿ ಗುಳಿಗೆ, ಪ್ರೆಡ್ನಿಸಲೋನ್. ಹನ್ನೊಂದು ವರ್ಷದಿಂದ ಇದೆ. "ಅದೊಂದು ಬಿಟ್ಟರೆ ನಾನು ಏಳುವುದಿಲ್ಲ ಮಾರಾಯ."

ಆ ಬಿಳಿ ಗುಳಿಗೆಯ ವಂಶದ ಕತೆ ನೋಡುವ ಕಣ್ಣಿನ ಕತೆ ಎಂದು ನನಗೆ ಇಷ್ಟ. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯ 1929ರಲ್ಲಿ ಒಬ್ಬ ಸಂಧಿವಾತದ ರೋಗಿಗೆ ಕಾಮಾಲೆ ಬಂದಾಗ ಗಂಟುನೋವು ತಗ್ಗಿದ್ದನ್ನು ಗಮನಿಸಿದ. ಬಸುರಿಯರಲ್ಲೂ ತಗ್ಗುವುದನ್ನು ಕಂಡ. ಬೇರೆಯವರಾದರೆ ವಿಚಿತ್ರ ಎಂದು ಬಿಟ್ಟುಬಿಡುತ್ತಿದ್ದರು. ಈತ ಬಿಡಲಿಲ್ಲ; ಮೈಯೊಳಗಿನ ಯಾವುದೋ ಒಂದು ವಸ್ತುವೇ ಇದನ್ನು ಮಾಡುತ್ತಿದೆ ಎಂದು ಹತ್ತೊಂಬತ್ತು ವರ್ಷ ಅದರ ಬೆನ್ನು ಹತ್ತಿದ. 1948ರ ಸೆಪ್ಟೆಂಬರಿನಲ್ಲಿ, ಎದ್ದು ನಡೆಯಲಾರದ ಇಪ್ಪತ್ತೊಂಬತ್ತು ವರ್ಷದ ಒಬ್ಬ ಹೆಂಗಸಿಗೆ ಮುಂದೆ ಕಾರ್ಟಿಸೋನ್ ಎಂದು ಹೆಸರಾದ ಆ ಔಷಧದ ಚುಚ್ಚುಮದ್ದು ಕೊಟ್ಟರು. ವಾರ ಕಳೆಯುವಷ್ಟರಲ್ಲಿ ಆಕೆ ಪೇಟೆಗೆ ಹೋಗಿ ಸಾಮಾನು ಕೊಂಡು ಬಂದಳು. 1950ರಲ್ಲಿ ಹೆಂಚ್, ಇದೇ ಬಗೆಯ ವಸ್ತುಗಳ ಮೇಲೆ ದುಡಿದಿದ್ದ ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಹಬ್ಬ ಮುಗಿಯುವ ಮೊದಲೇ ಇನ್ನೊಂದು ಮುಖವೂ ಕಂಡಿತು: ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಮೂಳೆ ಟೊಳ್ಳಾಗುತ್ತದೆ, ತೊಡೆಯ ಸ್ನಾಯು ಕರಗುತ್ತದೆ, ಚರ್ಮ ತೆಳುವಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಅಂದರೆ ಅಕ್ಕನನ್ನು ಮಂಚದಿಂದ ಎಬ್ಬಿಸಿದ ಗುಳಿಗೆಯೇ ಅವಳು ಬೀಳುವುದಕ್ಕೂ, ಬಿದ್ದರೆ ಮುರಿಯುವುದಕ್ಕೂ ನೆಲ ಹದ ಮಾಡುತ್ತಿದೆ. ಮೂಳೆ ಮುರಿಯುವ ಸಂಭವವನ್ನು ಲೆಕ್ಕ ಹಾಕಲು ವೈದ್ಯರು ಬಳಸುವ ಫ್ರ್ಯಾಕ್ಸ್ ಎಂಬ ಪಟ್ಟಿಯಲ್ಲಿ ಈ ಗುಳಿಗೆಗೆ ಒಂದು ಮನೆ, ಸಂಧಿವಾತಕ್ಕೆ ಬೇರೆಯೇ ಒಂದು ಮನೆ ಇದೆ. ಅಕ್ಕನಿಗೆ ಎರಡಕ್ಕೂ ಗುರುತು ಬೀಳುತ್ತದೆ. ಹಾಗೆಂದು ಇದನ್ನು ಓದಿ ಯಾರೂ ಗುಳಿಗೆಯನ್ನು ಥಟ್ಟನೆ ನಿಲ್ಲಿಸಬಾರದು. ವರ್ಷಗಟ್ಟಲೆ ತೆಗೆದುಕೊಂಡ ಮೈ ತನ್ನದನ್ನು ತಯಾರಿಸುವುದನ್ನೇ ಮರೆತಿರುತ್ತದೆ. ಒಮ್ಮೆಲೇ ಬಿಟ್ಟರೆ ಜೀವಕ್ಕೇ ಬರಬಹುದು. ಇಳಿಸುವುದಾದರೆ ಡಾಕ್ಟರು ಹೇಳಿದಂತೆ, ಮೆಟ್ಟಿಲಿಳಿದ ಹಾಗೆ.

ಬರೆದಿಡುವ ನನ್ನ ಚಾಳಿ ನನ್ನೊಬ್ಬನದೇ ಅಲ್ಲ ಎಂದು ಆಮೇಲೆ ತಿಳಿಯಿತು. ಇಂಗ್ಲೆಂಡಿನಲ್ಲಿ, ಮ್ಯಾಂಚೆಸ್ಟರಿನ ಸಂಶೋಧಕರು ಸಂಧಿವಾತವಿರುವ ಐನೂರಕ್ಕೂ ಹೆಚ್ಚು ಮಂದಿಯ ಕೈಗೆ ಕ್ಯಾಲೆಂಡರ್ ಕೊಟ್ಟು, ಬಿದ್ದ ದಿನ ಗುರುತು ಹಾಕಿ ತಿಂಗಳಿಗೊಮ್ಮೆ ಕಳಿಸಿ ಎಂದು ಒಂದು ವರ್ಷ ಕಾದರು. 2013ರಲ್ಲಿ ಅಚ್ಚಾದ ಆ ಲೆಕ್ಕದಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಮಂದಿ ವರ್ಷದೊಳಗೆ ಬಿದ್ದಿದ್ದರು. ಅರವತ್ತೈದು ದಾಟಿದ ಸಾಮಾನ್ಯರಲ್ಲಿ ಬೀಳುವ ಪ್ರಮಾಣವೂ ಸುಮಾರು ಮೂರರಲ್ಲೊಂದೇ. ಆದರೆ ಈ ಗುಂಪಿನಲ್ಲಿ ಎಲ್ಲ ವಯಸ್ಸಿನವರೂ ಇದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ: ಬೀಳುವುದಕ್ಕೂ ವಯಸ್ಸಿಗೂ ಅವರಿಗೆ ನಂಟು ಸಿಗಲಿಲ್ಲ, ಹೆಣ್ಣು ಗಂಡೆಂಬ ಭೇದಕ್ಕೂ ಸಿಗಲಿಲ್ಲ. ಸಿಕ್ಕಿದ್ದು, ಹಿಂದೆ ಬಿದ್ದಿದ್ದವರು ಮತ್ತೆ ಬೀಳುತ್ತಾರೆ ಎಂಬುದು; ಕಾಲಿನ ಗಂಟು ಬಾತು ನೋಯುತ್ತಿರುವುದು; ಆಯಾಸ; ನಿದ್ದೆಗೋ ಮನಸ್ಸಿಗೋ ತೆಗೆದುಕೊಳ್ಳುವ ಮಾತ್ರೆ. ಅಜ್ಜಿಯರು ಬೀಳುತ್ತಾರೆ, ನಲವತ್ತು ಐವತ್ತರವರು ಯಾಕೆ ಬೀಳುತ್ತಾರೆ ಎಂದು ಅಕ್ಕನನ್ನು ಕೇಳುವ ನೆಂಟರಿಗೆ ಇದನ್ನು ಓದಿ ಹೇಳಬೇಕೆನಿಸಿತು. ಹೇಳಲಿಲ್ಲ. ಹಲಸಿನ ಹಪ್ಪಳ ತಿಂದು ಹೋದರು.

ಆಗಸ್ಟ್ 6. ಆಶ್ಲೇಷಾ. ಮೂರನೆಯದು. ನಾನು ಕಣ್ಣಾರೆ ಕಂಡದ್ದು ಇದೊಂದೇ, ಕಲಿತದ್ದೂ ಇದರಿಂದಲೇ ಹೆಚ್ಚು. ನಡುಮಧ್ಯಾಹ್ನ, ಬೆಳಕು ಚೆನ್ನಾಗಿದೆ, ನೆಲ ಒಣಗಿದೆ, ಕಾಲಿಗೆ ಸ್ಯಾಂಡಲ್ ಇದೆ. ಮಾಡಬೇಕಾದ್ದನ್ನೆಲ್ಲ ಮಾಡಿದ್ದೇವೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಎರಡೂ ಕೈಯಲ್ಲಿ ಸಾರಿನ ಪಾತ್ರೆ ಹಿಡಿದು ಅಕ್ಕ ಒಲೆಯ ಕಡೆಯಿಂದ ಬರುತ್ತಿದ್ದಾಳೆ. ಹಿಂದಿನಿಂದ ಅತ್ತೆ ಏನೋ ಕೇಳಿದರು. ಅಕ್ಕ ತಿರುಗಿದಳು. ತಲೆ ತಿರುಗಿತು, ಭುಜ ತಿರುಗಿತು, ಎಡ ಮಂಡಿ ತಿರುಗಲಿಲ್ಲ; ಬದಲಿಗೆ ಮಡಚಿತು. ಮರದಿಂದ ಮಾಗಿದ ಸೋಗೆ ಕಳಚಿದ ಹಾಗೆ, ಆತುರವಿಲ್ಲದೆ, ಇದ್ದಲ್ಲೇ ಕೆಳಗಿಳಿದಳು. ಸಾರು ಅವಳ ಮೇಲೆ ಬೀಳಲಿಲ್ಲ, ಅಷ್ಟು ಪುಣ್ಯ.

ಪುಸ್ತಕ ಹಿಂದಕ್ಕೆ ತಿರುವಿದೆ. ಹಿಂದಿನ ಎರಡು ವಾರ ಅವಳಿಗೆ ಜ್ವರ, ಕೆಮ್ಮು. ಸೋಂಕು ಇರುವಾಗ ಮೆಥೋಟ್ರೆಕ್ಸೇಟ್ ನಿಲ್ಲಿಸಿ ಎಂದು ಡಾಕ್ಟರು ಹೇಳಿದ್ದರಿಂದ ಎರಡು ಶನಿವಾರ ತೆಗೆದುಕೊಂಡಿರಲಿಲ್ಲ. ಎಡಮಂಡಿ ಬಾತಿದೆ ಎಂದು ನಾನೇ ನಾಲ್ಕು ದಿನ ಮೊದಲು ಬರೆದಿದ್ದೆ, ಬರೆದು ಬಕ ನೋಡಲು ಹೋಗಿದ್ದೆ. ಮಂಡಿಯೊಳಗೆ ನೀರು ತುಂಬಿದರೆ ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ನರಮಂಡಲ ತಾನಾಗಿ ತಗ್ಗಿಸುತ್ತದೆ. ಇದು ನೋವಿನಿಂದ ಆಗುವುದಲ್ಲ. ಆರೋಗ್ಯವಂತರ ಮಂಡಿಗೆ ಉಪ್ಪುನೀರು ತುಂಬಿಸಿ ನೋಡಿದಾಗಲೂ ಹೀಗೇ ಆಗಿದೆ. ಅಕ್ಕ "ಮಂಡಿ ಕೈಕೊಟ್ಟಿತು" ಎಂದದ್ದು ಅಕ್ಷರಶಃ ಸರಿ, ಅವಳ ಎಚ್ಚರದ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಅಂಗಳ ಕೆರೆದದ್ದು, ಹಲಗೆ ಹೊಡೆದದ್ದು ಎಲ್ಲ ಬೇಕು. ಆದರೆ ಗಂಟಿನೊಳಗಿನ ಬೆಂಕಿ ಆರದಿದ್ದರೆ ಮನೆಯನ್ನೆಲ್ಲ ಹತ್ತಿಯಿಂದ ಮುಚ್ಚಿದರೂ ಅವಳು ಬೀಳುತ್ತಾಳೆ. ಕಾಯಿಲೆಯನ್ನು ಹತೋಟಿಯಲ್ಲಿಡುವುದೇ ಮೊದಲ ಕೈಹಿಡಿ, ಹಲಸಿನ ಹಲಗೆ ಆಮೇಲಿನದು. ಎರಡು ತಿಂಗಳು ನೋಡಿ ನಾನು ತಲುಪಿದ್ದು ಇಷ್ಟಕ್ಕೆ.

ಅದಾದ ಮೇಲೆ ಮನೆಯವರ ಪ್ರೀತಿ ಶುರುವಾಯಿತು. ಅತ್ತೆ ನಿಜಕ್ಕೂ ಹೆದರಿದ್ದರು. "ನೀ ಏಳಬೇಡ, ಕೂತಿರು, ನಾನು ತಂದು ಕೊಡ್ತೆ." ಭಾವ ಟಿ.ವಿ. ಎದುರು ಮೆತ್ತನೆಯ ಕುರ್ಚಿ ಹಾಕಿಸಿದರು. ಅಕ್ಕನಿಗೂ ಭಯ ಹತ್ತಿತ್ತು. ನಡುಮನೆ ದಾಟಲು ಗೋಡೆಯ ಗುಂಟ ಸುತ್ತು ಹಾಕಿ ಹೋಗುತ್ತಿದ್ದಳು. ಒಂಬತ್ತು ದಿನ ಹೀಗೆ ಕೂತಳು. ಈ ಪ್ರೀತಿಯ ಬಗ್ಗೆ ನನಗೆ ಬಹಳ ಸಿಟ್ಟಿದೆ. ಸಂಧಿವಾತ ಸ್ನಾಯುವನ್ನು ತಾನೇ ತಿನ್ನುತ್ತದೆ, ಬಿಳಿ ಗುಳಿಗೆ ಅದಕ್ಕೆ ಜೊತೆ ಕೊಡುತ್ತದೆ. ಉಳಿದದ್ದನ್ನು ತಿನ್ನಲು ನಾವು ಕುರ್ಚಿ ತಂದು ಹಾಕುತ್ತೇವೆ. ಬೀಳುವ ಭಯದಿಂದ ನಡೆಯದವರು, ನಡೆಯದ್ದರಿಂದಲೇ ಬೀಳುತ್ತಾರೆ.

ಕೈ ಎದೆಗೆ ಕಟ್ಟಿಕೊಂಡು ಗಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರುವುದಕ್ಕೆ ಎಷ್ಟು ಹೊತ್ತು ಬೇಕು ಎಂಬುದೊಂದು ಹಳೆಯ, ಖರ್ಚಿಲ್ಲದ ಪರೀಕ್ಷೆ. ಹದಿನೈದು ಸೆಕೆಂಡು ಮೀರಿದರೆ ಕಾಲು ಸೋತಿದೆ, ಬೀಳುವ ಅಪಾಯ ಹೆಚ್ಚಿದೆ ಎಂದು ತಿಳಿಯುತ್ತಾರೆ. ಜೂನಿನಲ್ಲಿ ಅಕ್ಕನಿಗೆ ಇಪ್ಪತ್ತೆರಡು ಆಗಿತ್ತು. ಆಗಸ್ಟ್ 15ರಂದು, ಒಂಬತ್ತು ದಿನ ಕೂತ ಮೇಲೆ, ನಾಲ್ಕನೆಯದಕ್ಕೇ ನಿಂತುಹೋಯಿತು. ಆ ಲೆಕ್ಕ ನೋಡಿ ಅವಳೇ ಮೆತ್ತನೆಯ ಕುರ್ಚಿಯನ್ನು ಅಟ್ಟಕ್ಕೆ ಕಳಿಸಿದಳು.

ಮಘೆ ಹಿಡಿದ ವಾರ ಅಕ್ಕನೊಡನೆ ಆಸ್ಪತ್ರೆಗೆ ನಾನೂ ಹೋದೆ. ಮೂರು ತಿಂಗಳಿಗೊಮ್ಮೆ ಹೋಗುತ್ತಾಳೆ. ಅಂದರೆ ಇಷ್ಟು ವರ್ಷದಲ್ಲಿ ಸುಮಾರು ಐವತ್ತು ಸಲ. ಯಾರೂ ಬಿದ್ದಿರಾ ಎಂದು ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ. ಪ್ರತಿ ಸಲ ಕೈ ಚಾಚುತ್ತಾಳೆ, ಬೆರಳ ಗಂಟು ಒತ್ತಿ ನೋಡುತ್ತಾರೆ, ರಕ್ತದ ವರದಿ ಓದುತ್ತಾರೆ. ಕಾಲು ಮೇಜಿನ ಕೆಳಗೆ ಚಪ್ಪಲಿಯೊಳಗೇ ಇರುತ್ತದೆ. ಈ ಸಲ ಇದ್ದದ್ದು ಹೊಸ ಡಾಕ್ಟರು, ಚಿಕ್ಕ ವಯಸ್ಸಿನವರು. ನನ್ನ ಪುಸ್ತಕ ಮುಂದಿಟ್ಟೆ. ಬಕದ ಚಿತ್ರಗಳ ನಡುವೆ ಅಕ್ಕನ ಪಾದದ ಚಿತ್ರ ಕಂಡು ಅವರು ಒಂದು ಗಳಿಗೆ ಗಲಿಬಿಲಿಗೊಂಡರು. ಆಮೇಲೆ ಎದ್ದು ಬಂದು, ಸ್ಯಾಂಡಲ್ ಬಿಚ್ಚಿಸಿ, ನೆಲದ ಮೇಲೆ ಕೂತು ಎರಡೂ ಪಾದ ಕೈಗೆ ತೆಗೆದುಕೊಂಡು ನೋಡಿದರು. ಕತ್ತು ಬಗ್ಗಿಸಿದರೆ ಕೈಗೆ ಜುಂ ಎನ್ನುತ್ತದೆಯೇ ಎಂದು ಕೇಳಿದರು. ಈ ಕಾಯಿಲೆಯಲ್ಲಿ ಕತ್ತಿನ ಮೊದಲೆರಡು ಮಣಿಗಳ ಕಟ್ಟು ಸಡಿಲವಾಗುವುದುಂಟು, ಅದರಿಂದಲೂ ನಡಿಗೆ ತೂರಾಡುತ್ತದೆಯಂತೆ. ಎಕ್ಸ್‌ರೇಗೆ ಬರೆದರು. ಮೂಳೆಯ ಸಾಂದ್ರತೆ ನೋಡಲು ಡೆಕ್ಸಾ ಪರೀಕ್ಷೆಗೆ ಬರೆದರು. ನಿದ್ದೆ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸುವ, ಬಿಳಿ ಗುಳಿಗೆಯನ್ನು ಇಳಿಸುವ ಲೆಕ್ಕ ಒಂದು ಚೀಟಿಯಲ್ಲಿ ಹಾಕಿಕೊಟ್ಟರು. ಮಂಡಿಗೆ ನೀರು ತೆಗೆದರು. ಫಿಸಿಯೋಥೆರಪಿಯವರು ಅಡಿಗೆ ಕಟ್ಟೆ ಹಿಡಿದು ಮಾಡುವ ನಾಲ್ಕು ವ್ಯಾಯಾಮ ಕಲಿಸಿದರು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಮ್ಮ?" ಎಂದು ಡಾಕ್ಟರು ಕೇಳಿದಾಗ ಅಕ್ಕ ನನ್ನ ಮುಖ ನೋಡಿದಳು.

"ಬಿದ್ದದ್ದಲ್ಲ ಡಾಕ್ಟ್ರೇ, ಕೂತದ್ದು ಅಂತ..."

ನಿಮ್ಮ ಮನೆಯಲ್ಲಿ ಸಂಧಿವಾತದವರು ಇದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಕೇಳುವವರೆಗೆ ಕಾಯಬೇಡಿ. ಚಪ್ಪಲಿ ಬಿಟ್ಟು ಕಾಲು ತೋರಿಸಲು ಹೇಳಿ. ಕೂತದ್ದನ್ನೂ ಹೇಳಲಿ.

ಆಗಸ್ಟ್ 29. ಮಘೆ, ಕೊನೆಯ ಪಾದ. ಬೆಳಗ್ಗೆ ಏಳೂ ನಲವತ್ತು. ಕೊಳಬಕ ಬಸಿಗಾಲುವೆಯಲ್ಲಿ, ಬೆನ್ನಿನ ಕೆಂಪು ಮಾಸಲು ಶುರುವಾಗಿದೆ. ಅಕ್ಕ ಬಾವಿಕಟ್ಟೆ ತನಕ ಹೋಗಿ ಬಂದಳು. ಎದ್ದು ಕೂತದ್ದು ಐದು ಸಲ, ಹತ್ತೊಂಬತ್ತು ಸೆಕೆಂಡು. ನೆಲದ ಮೇಲೆ ಎಡಗಾಲಿನ ಬಾಲ ಇದೆ, ಆದರೆ ಗಿಡ್ಡ.